ದೇಶದ ಸರಾಸರಿಗಿಂತ ಹೆಚ್ಚು ಎಂದರೆ ಏನರ್ಥ?

ಓದುಗರೊಬ್ಬರ ಪತ್ರದ ಸಾರ ಹೀಗಿದೆ: “ಕ್ಯಾನ್ಸರ್ ಸಾವುಗಳ ಕೋಷ್ಟಕವೊಂದನ್ನು ನೋಡಿದೆ. ನಮ್ಮ ಜಿಲ್ಲೆಯ ಸಾವಿನ ಪ್ರಮಾಣ ದೇಶದ ಸರಾಸರಿಗಿಂತ ಹೆಚ್ಚಿದೆ, ಆದರೆ ಇಳಿಯುತ್ತಿದೆ. ಪಕ್ಕದ ಜಿಲ್ಲೆಯದು ಸರಾಸರಿಗಿಂತ ಕಡಿಮೆ, ಆದರೆ ಏರುತ್ತಿದೆ. ಯಾರ ಸ್ಥಿತಿ ಹೆಚ್ಚು ಕೆಟ್ಟದ್ದು? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಊರು ಬಿಡುವುದು ಒಳ್ಳೆಯದೇ?”

ಆತ್ಮೀಯರೇ,

ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ. ಆ ಕೋಷ್ಟಕವೊಂದನ್ನೇ ನಂಬಿ ಊರು ಬಿಡಬೇಡಿ. ಜಿಲ್ಲೆಯ ದರವೆಂಬುದು ಇಡೀ ಜನಸಮೂಹದ ಲೆಕ್ಕ. ನಿಮ್ಮ ಮಕ್ಕಳ ಮುಂದಿನ ಬದುಕನ್ನು ಅದು ಹೇಳಲಾರದು. ಅಷ್ಟೇ ಅಲ್ಲ, ಇಂದಿನ ಸಾವುಗಳ ಬೇರು ಬಹುಮಟ್ಟಿಗೆ ಹಿಂದಿನ ದಶಕಗಳಲ್ಲಿರುತ್ತದೆ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಅಮೆರಿಕದ ಸರ್ಕಾರಿ ವರದಿಯೊಂದು 1964ರಲ್ಲೇ ಸಾರಿತು. ಸೇದುವವರ ಪ್ರಮಾಣ ಕ್ರಮೇಣ ತಗ್ಗತೊಡಗಿತು. ಆದರೆ ಅಲ್ಲಿನ ಗಂಡಸರಲ್ಲಿ ಆ ಕ್ಯಾನ್ಸರಿನ ಸಾವು ಇಳಿಯಲು ಆರಂಭಿಸಿದ್ದು 1990ರ ಸುಮಾರಿಗೆ. ಇಂದು ನೀವು ನೋಡುತ್ತಿರುವ ಅಂಕಿ ಹಿಂದಿನ ತಲೆಮಾರು ಉಸಿರಾಡಿದ ಹೊಗೆಯ ಲೆಕ್ಕವೂ ಆಗಿರಬಹುದು.

ಇನ್ನು ಹೋಲಿಕೆಯ ವಿಷಯ. ಕೋಷ್ಟಕದಲ್ಲಿರುವುದು ಕಚ್ಚಾ ದರವೋ (ಒಟ್ಟು ಸಾವುಗಳನ್ನು ಒಟ್ಟು ಜನಸಂಖ್ಯೆಗೆ ಭಾಗಿಸಿದ್ದು), ವಯಸ್ಸಿಗೆ ಹೊಂದಿಸಿದ ದರವೋ ಎಂಬುದನ್ನು ಮೊದಲು ನೋಡಿ. ಕ್ಯಾನ್ಸರ್ ಹೆಚ್ಚಾಗಿ ಇಳಿವಯಸ್ಸಿನ ಕಾಯಿಲೆ. ಲೆಕ್ಕ ಸುಲಭವಾಗಲೆಂದು ಒಂದೊಂದು ಲಕ್ಷ ಜನರ ಎರಡು ಊರುಗಳನ್ನು ಊಹಿಸಿಕೊಳ್ಳಿ. ಅರವತ್ತಕ್ಕಿಂತ ಕಿರಿಯರಲ್ಲಿ ಲಕ್ಷಕ್ಕೆ 40, ಹಿರಿಯರಲ್ಲಿ ಲಕ್ಷಕ್ಕೆ 600 ಸಾವು. ಎರಡೂ ಊರುಗಳಲ್ಲಿ ಇದೇ ದರ. ಮೊದಲ ಊರಿನಲ್ಲಿ ಹಿರಿಯರು ಶೇಕಡ 10 ಇದ್ದರೆ ವರ್ಷಕ್ಕೆ 96 ಸಾವುಗಳಾಗುತ್ತವೆ. ಎರಡನೆಯ ಊರಿನಲ್ಲಿ ಅವರು ಶೇಕಡ 25 ಇದ್ದರೆ 180. ಯಾವ ವಯಸ್ಸಿನವರಿಗೂ ಅಪಾಯ ಕೂದಲೆಳೆಯಷ್ಟೂ ಹೆಚ್ಚಿಲ್ಲ, ಆದರೂ ಕಚ್ಚಾ ದರ ಸುಮಾರು ಎರಡು ಪಟ್ಟು! ಎರಡೂ ಊರುಗಳಲ್ಲಿ ಹಿರಿಯರು ಶೇಕಡ 15 ಇದ್ದಾರೆಂದು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿ, ಎರಡಕ್ಕೂ 124 ಬರುತ್ತದೆ. ವಯಸ್ಸಿಗೆ ಹೊಂದಿಸುವುದೆಂದರೆ ಇಷ್ಟೇ. ಅಮೆರಿಕದಲ್ಲಿ ನಿವೃತ್ತರು ತುಂಬಿರುವ ಫ್ಲಾರಿಡಾ ರಾಜ್ಯವನ್ನೂ ಕಿರಿಯರೇ ಹೆಚ್ಚಿರುವ ಅಲಾಸ್ಕಾ ರಾಜ್ಯವನ್ನೂ ಕಚ್ಚಾ ದರದಲ್ಲಿ ಹೋಲಿಸಬಾರದೆಂದು ಪಠ್ಯಪುಸ್ತಕಗಳು ಎಚ್ಚರಿಸುವುದು ಈ ಕಾರಣಕ್ಕೇ. ಹೊಂದಿಸಲು ಬಳಸುವ ಮಾದರಿ ಜನಸಂಖ್ಯೆಯೂ, ಅಂದರೆ ಮೇಲೆ ಶೇಕಡ 15 ಎಂದು ಇಟ್ಟುಕೊಂಡಂಥ ವಯಸ್ಸಿನ ಹಂಚಿಕೆಯೂ, ಒಂದೇ ಆಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾದರಿಯಲ್ಲಿ ಲೆಕ್ಕ ಹಾಕಿದ ದರವನ್ನು ಅಮೆರಿಕದ 2000ನೇ ಇಸವಿಯ ಮಾದರಿಯ ದರದ ಪಕ್ಕದಲ್ಲಿಟ್ಟರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ಎರಡನೆಯದು ಸಣ್ಣ ಸಂಖ್ಯೆಗಳ ಆಟ. ಇದು ಅನುಭವಿಗಳನ್ನೂ ದಾರಿ ತಪ್ಪಿಸಿದೆ. ಅಮೆರಿಕದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳು) ಮೂತ್ರಪಿಂಡದ ಕ್ಯಾನ್ಸರಿನ ಸಾವು ಅತಿ ಕಡಿಮೆ ಇರುವವು ಯಾವುವೆಂದು ಹುಡುಕಿದರೆ ಹೆಚ್ಚಿನವು ಜನವಿರಳವಾದ ಗ್ರಾಮೀಣ ಕೌಂಟಿಗಳು. ಶುದ್ಧ ಗಾಳಿ, ನೆಮ್ಮದಿಯ ಬದುಕು ಎಂದು ಕಾರಣ ಕೊಡಲು ಮನಸ್ಸು ಹಾತೊರೆಯುತ್ತದೆ. ಅತಿ ಹೆಚ್ಚು ಇರುವವನ್ನು ಹುಡುಕಿ ನೋಡಿ, ಅವೂ ಜನವಿರಳವಾದ ಗ್ರಾಮೀಣ ಕೌಂಟಿಗಳೇ! ಜನ ಕಡಿಮೆಯಿರುವಲ್ಲಿ ಒಂದೆರಡು ಸಾವು ಹೆಚ್ಚುಕಡಿಮೆಯಾದರೂ ದರ ಮುಗಿಲಿಗೇರುತ್ತದೆ ಅಥವಾ ನೆಲಕ್ಕಿಳಿಯುತ್ತದೆ. ವರ್ಷಕ್ಕೆ ಸರಾಸರಿ 16 ಸಾವು ಸಂಭವಿಸುವ ಊರಿನಲ್ಲಿ, ಬೇರೇನೂ ಬದಲಾಗದಿದ್ದರೂ ಆಕಸ್ಮಿಕವಾಗಿಯೇ ಒಂದು ವರ್ಷ 9, ಇನ್ನೊಂದು ವರ್ಷ 23 ಆಗಬಹುದು. ಅಮೆರಿಕದ ಕ್ಯಾನ್ಸರ್ ಅಂಕಿಅಂಶಗಳಲ್ಲಿ 16ಕ್ಕಿಂತ ಕಡಿಮೆ ಪ್ರಕರಣಗಳಿರುವ ಕಡೆ ದರವನ್ನು ಪ್ರಕಟಿಸದಿರುವುದಕ್ಕೆ ವ್ಯಕ್ತಿಗಳ ಗುರುತು ಕಾಪಾಡುವುದರ ಜೊತೆಗೆ ಇದೂ ಕಾರಣ. ಆದ್ದರಿಂದ ದರದ ಪಕ್ಕದಲ್ಲಿ ಕೆಳಮಿತಿ, ಮೇಲ್ಮಿತಿ ಎಂದು ಎರಡು ಅಂಕಿಗಳಿವೆಯೇ ನೋಡಿ; ಆಕಸ್ಮಿಕ ಏರಿಳಿತವನ್ನು ಗಣನೆಗೆ ತೆಗೆದುಕೊಂಡರೆ ನಿಜವಾದ ದರ ಬಹುಶಃ ಇವೆರಡರ ನಡುವೆ ಇರುತ್ತದೆ. ದೇಶದ ದರ ಆ ಎರಡರ ನಡುವೆ ಬಿದ್ದರೆ “ಹೆಚ್ಚು” ಎಂಬ ಮಾತಿಗೆ ಆಧಾರ ಸಾಲದು.

ಇವೆರಡನ್ನೂ ದಾಟಿದ ಮೇಲೂ ನಿಮ್ಮ ಜಿಲ್ಲೆ “ಹೆಚ್ಚು, ಇಳಿಕೆ” ಎಂದೂ ಪಕ್ಕದ್ದು “ಕಡಿಮೆ, ಏರಿಕೆ” ಎಂದೂ ಉಳಿದರೆ? ಇಂದು ಹೆಚ್ಚು ಮನೆಗಳಲ್ಲಿ ದುಃಖವಿರುವುದು ನಿಮ್ಮಲ್ಲಿ. ಚಿಕಿತ್ಸೆ, ನೋವುಶಮನದ ಆರೈಕೆಗಳ ತುರ್ತು ಅಗತ್ಯವೂ ನಿಮ್ಮಲ್ಲೇ. ಆದರೆ ಕಾರಣದ ಹುಡುಕಾಟ ತಕ್ಷಣ ಶುರುವಾಗಬೇಕಾದದ್ದು ಪಕ್ಕದ ಜಿಲ್ಲೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಸರಾಸರಿಗಿಂತ ಕಡಿಮೆ ಇದ್ದೇವೆಂಬ ಸಮಾಧಾನದಲ್ಲಿ ಅಲ್ಲಿನ ಏರಿಕೆಯನ್ನು ಯಾರೂ ಗಮನಿಸದೇ ಹೋಗುವ ಅಪಾಯವಿದೆ.

ನಿಮ್ಮ ಇಳಿಕೆಯ ಬಗ್ಗೆಯೂ ಒಂದು ಮಾತು. ದೇಶದ ದರವೂ ನಿಂತಲ್ಲಿ ನಿಲ್ಲುವುದಿಲ್ಲ. ಅಮೆರಿಕದಲ್ಲಿ 1991ರಲ್ಲಿ ತುತ್ತತುದಿ ಮುಟ್ಟಿದ ಕ್ಯಾನ್ಸರ್ ಸಾವಿನ ದರ 2021ರ ಹೊತ್ತಿಗೆ ಸುಮಾರು ಶೇಕಡ 33ರಷ್ಟು ಇಳಿದಿತ್ತು. ಈಗ ಉದಾಹರಣೆಗೆ ಜಿಲ್ಲೆಯ ದರ 120, ದೇಶದ್ದು 100 ಎಂದಿಟ್ಟುಕೊಳ್ಳೋಣ. ಜಿಲ್ಲೆಯದು ವರ್ಷಕ್ಕೆ ಶೇಕಡ 1ರಂತೆ, ದೇಶದ್ದು ಶೇಕಡ 2ರಂತೆ ಇಳಿಯುತ್ತಿವೆ. ಇಪ್ಪತ್ತು ವರ್ಷಗಳಾದ ಮೇಲೆ ಜಿಲ್ಲೆಯದು ಸುಮಾರು 98, ದೇಶದ್ದು ಸುಮಾರು 67. ಕೋಷ್ಟಕದಲ್ಲಿ ವರ್ಷವರ್ಷವೂ “ಇಳಿಕೆ” ಎಂದೇ ಬರೆದಿರುತ್ತದೆ, ಅಂತರ ಮಾತ್ರ 20ರಿಂದ 31ಕ್ಕೆ ಬೆಳೆದಿರುತ್ತದೆ. ದೇಶ ಇಪ್ಪತ್ತು ವರ್ಷಗಳ ಹಿಂದೆ ಇದ್ದ ಜಾಗಕ್ಕೆ ಆ ಜಿಲ್ಲೆ ಆಗಷ್ಟೇ ಬಂದು ಮುಟ್ಟಿರುತ್ತದೆ. ಆದ್ದರಿಂದ ಇಳಿಯುತ್ತಿದೆಯೇ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ, ದೇಶದಷ್ಟು ವೇಗವಾಗಿ ಇಳಿಯುತ್ತಿದೆಯೇ ಎಂದು ಕೇಳಿ.

ಕಡಿಮೆ ದರವನ್ನು ಕಂಡಾಗ ದಾಖಲಾತಿಯ ಬಗ್ಗೆಯೂ ಅನುಮಾನವಿರಲಿ. ಮನೆಯಲ್ಲೇ ತೀರಿಕೊಂಡವರ ಮರಣ ಪ್ರಮಾಣಪತ್ರದಲ್ಲಿ “ವೃದ್ಧಾಪ್ಯ” ಅಥವಾ “ಹೃದಯ ಸ್ತಂಭನ” ಎಂದು ಬರೆದರೆ ಆ ಕ್ಯಾನ್ಸರ್ ಲೆಕ್ಕಕ್ಕೆ ಸೇರುವುದೇ ಇಲ್ಲ. ದಾಖಲಾತಿ ಸುಧಾರಿಸಿದ ವರ್ಷ ಕಾಯಿಲೆಯೇ ಹೆಚ್ಚಿದಂತೆ ಕಾಣುತ್ತದೆ. ಹಾಗೆಯೇ ದೊಡ್ಡ ಆಸ್ಪತ್ರೆಯಲ್ಲಿ ಸತ್ತವರನ್ನು ಆಸ್ಪತ್ರೆಯಿರುವ ಊರಿಗಲ್ಲ, ಅವರು ವಾಸವಿದ್ದ ಊರಿಗೆ ಸೇರಿಸಬೇಕು.

ಹೊಸ ರೋಗಿಗಳ ಸಂಖ್ಯೆಯನ್ನು ಸಾವಿನ ಸಂಖ್ಯೆಯೊಂದಿಗೆ ಬೆರೆಸುವವರಿದ್ದಾರೆ. ದಕ್ಷಿಣ ಕೊರಿಯಾದಲ್ಲಿ 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾದ ಪ್ರಮಾಣ 1993ರ ಹದಿನೈದು ಪಟ್ಟು ಇತ್ತು, ಆ ಕ್ಯಾನ್ಸರಿನ ಸಾವು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು. ಸ್ಕ್ಯಾನಿಂಗ್ ಹೆಚ್ಚಿದಂತೆ, ಎಂದೂ ತೊಂದರೆ ಕೊಡದಿದ್ದ ಸಣ್ಣ ಗಡ್ಡೆಗಳೂ ಕಣ್ಣಿಗೆ ಬಿದ್ದಿದ್ದವು.

ನನ್ನನ್ನು ಹೆಚ್ಚು ಕಾಡುವ ವಿಚಾರ ಬೇರೆ. ದೇಶದ ಸರಾಸರಿಯನ್ನು ನಾವು ಗುರಿಯೆಂದೇ ಭಾವಿಸಿಬಿಟ್ಟಿದ್ದೇವೆ. ತಪಾಸಣೆಯೇ ತಲುಪದ ಊರುಗಳನ್ನೂ ಸೇರಿಸಿ ಬಂದ ಅಂಕಿ ಅದು. ಗರ್ಭಕಂಠದ ಕ್ಯಾನ್ಸರನ್ನು ತೆಗೆದುಕೊಳ್ಳಿ. ಲಸಿಕೆ ಇದೆ, ಮುಂಚೆಯೇ ಪತ್ತೆ ಹಚ್ಚುವ ಪರೀಕ್ಷೆ ಇದೆ. ಲಕ್ಷ ಮಹಿಳೆಯರಿಗೆ ವರ್ಷಕ್ಕೆ ನಾಲ್ಕಕ್ಕಿಂತ ಕಡಿಮೆ ಹೊಸ ಪ್ರಕರಣ ಎಂಬ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಎಲ್ಲ ದೇಶಗಳ ಮುಂದಿಟ್ಟಿದೆ. ಇಂಥ ಕಾಯಿಲೆಯಲ್ಲಿ “ನಮ್ಮದು ಸರಾಸರಿಯಷ್ಟೇ ಇದೆ” ಎಂದು ಅಧಿಕಾರಿಗಳು ಹೇಳಿದರೆ ಒಪ್ಪಿಕೊಳ್ಳಬೇಡಿ. ತಡೆಯಬಹುದಾಗಿದ್ದ ಸಾವು ಸರಾಸರಿಯೊಳಗೇ ಇದ್ದರೂ ತಡೆಯಬಹುದಾಗಿದ್ದ ಸಾವೇ.

ಎಲ್ಲ ಕ್ಯಾನ್ಸರ್‌ಗಳನ್ನೂ ಒಟ್ಟುಗೂಡಿಸಿದ ಒಂದೇ ಅಂಕಿಯಲ್ಲಿ ಇದಾವುದೂ ಕಾಣುವುದಿಲ್ಲ. ಶ್ವಾಸಕೋಶದ್ದು ಇಳಿದು ಕರುಳಿನದು ಏರಿದರೆ ಮೊತ್ತ ನಿಶ್ಚಲವಾಗಿಯೇ ತೋರುತ್ತದೆ. ಕೋಷ್ಟಕ ಪ್ರಕಟಿಸಿದ ಕಚೇರಿಗೆ ಬರೆದು, ಕ್ಯಾನ್ಸರ್‌ವಾರು, ಗಂಡಸರು ಮತ್ತು ಹೆಂಗಸರಿಗೆ ಬೇರೆಬೇರೆಯಾಗಿ, ಐದೈದು ವರ್ಷಗಳನ್ನು ಒಟ್ಟುಗೂಡಿಸಿದ, ವಯಸ್ಸಿಗೆ ಹೊಂದಿಸಿದ ದರಗಳನ್ನು ಕೇಳಿ. ಉತ್ತರ ಬಂದಾಗ ನಮಗೂ ಒಂದು ಪ್ರತಿ ಕಳುಹಿಸಿ, ಕೂತು ಓದಿ ಇದೇ ಅಂಕಣದಲ್ಲಿ ವಿವರವಾಗಿ ಬರೆಯುತ್ತೇನೆ.

— ಸಂಪಾದಕ