ನಮ್ಮ ತೋಟದ ಅಡಿಕೆ ನಮಗೇ ಕೆಡುಕಾ?

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ.)

ಅವರು ಮಲೆನಾಡಿನ ಅಡಿಕೆ ಬೆಳೆಗಾರರು. ವಯಸ್ಸು ಮೂವತ್ತೈದರ ಆಸುಪಾಸು. ಖಾರ ತಿಂದರೆ ಬಾಯಿ ಉರಿ. ತುತ್ತು ಚಿಕ್ಕದು ಮಾಡಿಕೊಂಡೇ ಉಣ್ಣಬೇಕು. ಸಾಮಾನ್ಯವಾಗಿ ನೆಟ್ಟಗೆ ಹಿಡಿದ ಮೂರು ಬೆರಳು ಬಾಯೊಳಗೆ ಹೋಗಬೇಕು. ಇವರಿಗೆ ಎರಡು ಹೋಗುವುದೇ ಕಷ್ಟ. ದಂತವೈದ್ಯರು ನೋಡಿ 'ಸಬ್‌ಮ್ಯೂಕಸ್ ಫೈಬ್ರೋಸಿಸ್' ಅಂದಿದ್ದರು, ಅಂದರೆ ಬಾಯಿಯ ಒಳಪದರ ನಾರುಗಟ್ಟಿ ಬಿಗಿಯಾಗುವ ಕಾಯಿಲೆ. ಅಡಿಕೆ ಹಾಕುವ ಚಟ ಬಿಡಿಸಲು ನನ್ನ ಹತ್ತಿರ ಕಳಿಸಿದ್ದರು.

"ನಾನು ಹೊಗೆಸೊಪ್ಪು ಮುಟ್ಟಿದವನೇ ಅಲ್ಲ. ಗುಟ್ಕಾನೂ ಇಲ್ಲ. ಸುಮ್ನೆ ಕವಳ ಹಾಕ್ತೀನಿ, ಅದೂ ನಮ್ಮ ತೋಟದ್ದೇ ಅಡಿಕೆ. ನನಗ್ಯಾಕೆ ಬಂತು?"

ಈ ಪ್ರಶ್ನೆ ನಮ್ಮ ಕಡೆ ಜಾಸ್ತಿ ಕೇಳಿಬರುತ್ತದೆ. ಹೊಗೆಸೊಪ್ಪು ಸೇರಿಸಿದ ಕವಳದಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲೇ ಹೇಳಿತ್ತು. 2004ರಲ್ಲಿ ಪ್ರಕಟವಾದ ಅದರ ವರದಿ ಹೊಗೆಸೊಪ್ಪಿಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವವುಗಳ ಪಟ್ಟಿಗೆ ಸೇರಿಸಿತು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಕೆನ್ನೆಯ ಒಳಪದರದಲ್ಲಿ ನಾರು ಜಾಸ್ತಿ ಬೆಳೆಯುವ ಹಾಗೆ ಮಾಡುತ್ತದೆ. ಅಡಿಕೆಯಲ್ಲೇ ಇರುವ ತಾಮ್ರದ ಅಂಶ ಆ ನಾರನ್ನು ಗಟ್ಟಿಮಾಡುತ್ತದೆ. ಹಸಿ ಅಡಿಕೆ ಹಾಳೆ ಹೇಗೆ ಬೇಕಾದರೂ ಬಗ್ಗುತ್ತದೆ, ಒಣಗಿದ ಹಾಳೆ ಬಗ್ಗುವುದಿಲ್ಲ, ಅಲ್ವಾ? ಇವರ ಕೆನ್ನೆ ಹಾಗಾಗಿತ್ತು. ಇಂಥ ಬಾಯಲ್ಲಿ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಬಂದೇ ಬರುತ್ತದೆ ಎಂದಲ್ಲ.

ಅವರು ಇದನ್ನು ಬೇಗ ಒಪ್ಪಿದರು. ನಿಜವಾದ ತೊಡಕು ಮನೆಯಲ್ಲಿತ್ತು. "ಬೆಳೆಯೋದು ನಾವು, ಮಾರೋದು ನಾವು. ಅಡಿಕೆ ಬಿಟ್ಟೆ ಅಂದ್ರೆ ಅಪ್ಪ ಅನ್ನ ಕೊಟ್ಟ ಬೆಳೆಗೇ ಬೈದ ಹಾಗೆ ನೋಡ್ತಾರೆ." ಬೆಳೆ, ದರ, ಸರ್ಕಾರ ಏನು ಮಾಡಬೇಕು ಅನ್ನುವುದೆಲ್ಲ ಬೇರೆ ಜಗಳ, ಅದನ್ನು ಇಲ್ಲಿಗೆ ತರಬೇಡಿ ಎಂದೆ. ಅಪ್ಪನ ಮುಂದೆ ವಾದ ಬೇಡ. "ಡಾಕ್ಟರು ಬೇಡ ಅಂದಿದಾರೆ, ಬಾಯಿ ತೆರೆಯೋಕಾಗ್ತಿಲ್ಲ" ಅಂದರೆ ಸಾಕು. ಮದುವೆ, ಪೂಜೆಯಲ್ಲಿ ತಾಂಬೂಲ ಕೊಟ್ಟರೆ ಕೈಯಲ್ಲಿ ತಗೊಂಡು ನಮಸ್ಕಾರ ಮಾಡಿ, ಬಾಯಿಗೆ ಹಾಕಬೇಡಿ. ಯಾರ ಮರ್ಯಾದೆಯೂ ಹೋಗುವುದಿಲ್ಲ.

ಕಡಿಮೆ ಮಾಡುತ್ತೇನೆ ಎಂದರು. ನಾನು ಒಪ್ಪಲಿಲ್ಲ. ಈ ಕಾಯಿಲೆಗೆ ಪೂರ್ತಿ ಬಿಡುವುದೇ ಮೊದಲ ಚಿಕಿತ್ಸೆ. ಬಿಟ್ಟರೂ ಬಿಗಿ ಪೂರ್ತಿ ಹೋಗದೇ ಇರಬಹುದು, ಅದನ್ನೂ ಮುಚ್ಚಿಡಲಿಲ್ಲ. ಮೊದಲ ದಿನಗಳಲ್ಲಿ ತಲೆನೋವು, ಸಿಡುಕು, ಊಟವಾದ ಮೇಲೆ ಏನೋ ಕಳಕೊಂಡ ಹಾಗೆ ಆಗುತ್ತದೆ. ಆಗ ಸೋಂಪು ಅಗಿಯಿರಿ. ಪಾನ್ ಮಸಾಲಾ, ಸಿಹಿ ಅಡಿಕೆ ಪೊಟ್ಟಣ ಬೇಡವೇ ಬೇಡ, ಅವೂ ಅಡಿಕೆಯೇ. ಎಲೆಬಟ್ಟಲು ಜಗುಲಿಯಿಂದ ಒಳಗೆ ಹೋಗಲಿ. ಬಾಯಿ ತೆರೆಯುವ ವ್ಯಾಯಾಮವನ್ನು ವೈದ್ಯರು ಹೇಳಿದ ಹಾಗೆ ದಿನವೂ ಮಾಡಿ. ಹೆಂಡತಿಗೆ ಬೇರೆಯಾಗಿ ಹೇಳಿದೆ: ಜೇಬು ಹುಡುಕಬೇಡಿ. ಒಂದು ದಿನ ತಪ್ಪಿದರೆ ಅವರೇ ಬಂದು ಹೇಳುವ ಹಾಗಿರಬೇಕು.

ತಪ್ಪಿದರು ಕೂಡ. ಕೊಯ್ಲಿನ ಸಮಯದಲ್ಲಿ, ಅಡಿಕೆ ಸುಲಿಯುವವರ ಜೊತೆ ರಾತ್ರಿ ಕೂತಾಗ. ಮರುದಿನ ತಾವೇ ಫೋನ್ ಮಾಡಿದರು. ಆಮೇಲೆ ಸುಲಿಯುವ ಜಾಗದ ಉಸ್ತುವಾರಿ ತಮ್ಮನಿಗೆ ಬಿಟ್ಟರು. ಈಗ ಉರಿ ಇಳಿದಿದೆ. ಬಾಯಿ ಸ್ವಲ್ಪ ಜಾಸ್ತಿ ತೆರೆಯುತ್ತದೆ, ಮೂರು ಬೆರಳು ಇನ್ನೂ ಹೋಗುವುದಿಲ್ಲ. ದಂತವೈದ್ಯರ ತಪಾಸಣೆ ಮುಂದುವರಿದಿದೆ.

ಹೋದ ಸಲ ಅವರೇ ಮಾತು ತೆಗೆದರು. ಅಪ್ಪ ಹೊಗೆಸೊಪ್ಪು ಸೇರಿಸಿಯೇ ಹಾಕುತ್ತಾರೆ, ಕೆನ್ನೆಯೊಳಗೆ ಬಿಳಿ ಮಚ್ಚೆ ಇದೆ, ಪಕ್ಕದ ಹುಣ್ಣು ತಿಂಗಳಾದರೂ ಮಾಯುತ್ತಿಲ್ಲ. ನೋವಿಲ್ಲವಂತೆ, ಅದಕ್ಕೇ ಬರುವುದಿಲ್ಲ ಅನ್ನುತ್ತಾರಂತೆ. ಎರಡು ಮೂರು ವಾರದಲ್ಲಿ ಮಾಯದ ಹುಣ್ಣಿಗೆ ನೋವಿದೆಯೋ ಇಲ್ಲವೋ ಎಂದು ಕಾಯಬಾರದು. ಹೊಗೆಸೊಪ್ಪು ಬಿಡಿಸುವ ಮಾತು ಆಮೇಲೆ, ಅದಕ್ಕೆ 1800-112-356 ಎಂಬ ಉಚಿತ ಸಹಾಯವಾಣಿಯೂ ಇದೆ. ಮೊದಲು ಆ ಹುಣ್ಣನ್ನು ವೈದ್ಯರಿಗೆ ತೋರಿಸಿ, ಬಯಾಪ್ಸಿ (ಹುಣ್ಣಿನ ಚೂರು ತೆಗೆದು ಮಾಡುವ ಪರೀಕ್ಷೆ) ಬೇಕು ಅಂದರೆ ಮುಂದೂಡಬೇಡಿ ಎಂದೆ. ಸೋಮವಾರ ಕರಕೊಂಡು ಹೋಗುತ್ತೇನೆ ಎಂದಿದ್ದಾರೆ.