ಒಳ್ಳೆಯ ಅಭ್ಯಾಸಗಳು ಎರಡೇ ವಾರಕ್ಕೆ ಕೈಬಿಟ್ಟುಹೋಗುತ್ತವೆ, ಏನು ಮಾಡಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 29, ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಕೆಲಸ, ಮಾರತ್ತಹಳ್ಳಿಯ ಬಾಡಿಗೆ ಮನೆಯಲ್ಲಿ ಒಬ್ಬರೇ ವಾಸ, ಅಪ್ಪ ಅಮ್ಮ ಹಾಸನದಲ್ಲಿ. ಬೆಳಿಗ್ಗೆ ಐದಕ್ಕೆ ಏಳುವುದು, ಧ್ಯಾನ, ಜಿಮ್, ದಿನಕ್ಕೆ 20 ಪುಟ ಓದು, ಮಲಗುವ ಮುನ್ನ ಡೈರಿ: ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತೀರಿ, ಎರಡನೆಯ ವಾರ ಮುಗಿಯುವುದರೊಳಗೆ ಎಲ್ಲವೂ ಒಟ್ಟಿಗೆ ಜಾರಿಹೋಗುತ್ತವೆ. "ನನ್ನಲ್ಲಿ ಸಂಕಲ್ಪಶಕ್ತಿಯೇ ಇಲ್ಲವೇ? ನೆಮ್ಮದಿಯಾಗಿ ಬದುಕುವವರು ದಿನವೂ ಏನು ಮಾಡುತ್ತಾರೆ?" ಎಂದು ಕೇಳಿದ್ದೀರಿ.

ನಾನು ವೈದ್ಯನೂ ಅಲ್ಲ, ಮನಶ್ಶಾಸ್ತ್ರ ಓದಿದವನೂ ಅಲ್ಲ. ಚಿಕ್ಕಪೇಟೆಯ ಸಗಟು ಬಟ್ಟೆ ಅಂಗಡಿಯೊಂದರಲ್ಲಿ 19 ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ, ಮನೆ ಹನುಮಂತನಗರದಲ್ಲಿ. ನಿಮ್ಮ ಪಟ್ಟಿಯನ್ನು ನೋಡಿದಾಗ ನನಗೆ ಎದ್ದು ಕಂಡದ್ದು ಒಂದೇ ಸಂಗತಿ: ಅದರಲ್ಲಿ ನಿಮ್ಮ ಹೊರತು ಇನ್ನೊಂದು ಜೀವವಿಲ್ಲ. ನೀವು ಐದಕ್ಕೆ ಏಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಓದದೆ ಮಲಗಿದರೆ ಯಾರೂ ಏಕೆಂದು ಕೇಳುವುದಿಲ್ಲ. ಮೂವತ್ತರ ಆಸುಪಾಸಿನಲ್ಲಿ ನಾನು ಮಾಡಿಕೊಂಡ ಪಟ್ಟಿಗಳೂ ಇಂಥವೇ ಆಗಿದ್ದವು. ಜನವರಿಯಲ್ಲಿ ತೆರೆದ ಡೈರಿ ಸಂಕ್ರಾಂತಿಯವರೆಗೆ ತುಂಬುತ್ತಿತ್ತು, ಆಮೇಲೆ ಬರೀ ಬಿಳಿ ಹಾಳೆ. ಅದನ್ನು ನನ್ನ ಸ್ವಭಾವದ ದೋಷವೆಂದು ಬಹಳ ವರ್ಷ ನಂಬಿ ಕೊರಗಿದ್ದೇನೆ. ನೀವು ಹಾಗೆ ಕೊರಗಬಾರದು ಎಂಬ ಕಾರಣಕ್ಕೇ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ.

ನನ್ನ ಬದುಕಿನಲ್ಲಿ ಬೇರುಬಿಟ್ಟ ಅಭ್ಯಾಸವನ್ನು ನಾನು ಯೋಚಿಸಿ ಆರಿಸಿಕೊಂಡದ್ದಲ್ಲ. ನಾಲ್ಕು ವರ್ಷಗಳ ಹಿಂದೆ ಒಂದು ದಿನ ಮೊಬೈಲ್ ಪರದೆ ಒಡೆದು ದುರಸ್ತಿಗೆ ಕೊಟ್ಟಿದ್ದೆ. ಸಂಜೆ ಮನೆಗೆ ಬಂದರೆ ಕೈಗೆ ಕೆಲಸವಿಲ್ಲ. ಅಮ್ಮ ನಡುಮನೆಯಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಹೋಗಿ ಕುಳಿತು ಒಂದು ಕಂತೆ ಎಳೆದುಕೊಂಡೆ. "ನಿನಗೇಕಪ್ಪ ಇದು, ದಣಿದು ಬಂದಿದ್ದೀಯ" ಎಂದಳು. ಆದರೆ ಕಂತೆಯನ್ನು ವಾಪಸು ಕೇಳಲಿಲ್ಲ. ಎಲೆಯನ್ನು ಬೇರೆ ಮಾಡುವುದು, ಹುಳು ತಿಂದದ್ದನ್ನು ತೆಗೆಯುವುದು, ದಂಟನ್ನು ಮುರಿದು ನಾರು ಎಳೆಯುವುದು. ಇದನ್ನೆಲ್ಲ ಅವಳು ತೋರಿಸಿಕೊಟ್ಟಳು. ಕೈ ಹಸಿರಾಯಿತು, ಬೆರಳ ತುದಿಗೆ ಮಣ್ಣು ಮೆತ್ತಿಕೊಂಡಿತು.

ಸ್ವಲ್ಪ ಹೊತ್ತಿಗೆ ಅಮ್ಮ ಮಾತಿಗೆ ಆರಂಭಿಸಿದಳು. ಅವಳ ತವರು ಮಾಗಡಿಯ ಕಡೆಯ ಹಳ್ಳಿ. ಮಳೆ ಬಿದ್ದ ಮೇಲೆ ಅಕ್ಕನ ಜೊತೆ ಹೊಲಕ್ಕೆ ಹೋಗಿ ಬೆರಕೆ ಸೊಪ್ಪು ಕೊಯ್ದು ಮಡಿಲು ತುಂಬಿಕೊಂಡು ಬರುತ್ತಿದ್ದದ್ದು, ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಚಿಲಕರಿವೆ, ಹೊನಗೊನ್ನೆ ಎಂದು ಅಕ್ಕ ಒಂದೊಂದನ್ನೂ ಎಲೆಯ ಬೆನ್ನು ನೋಡಿಯೇ ಹೇಳುತ್ತಿದ್ದದ್ದು. ಒಂದೇ ಸೂರಿನಡಿ ಅಷ್ಟು ವರ್ಷ ಅವಳ ಜೊತೆ ಇದ್ದರೂ ಇದರಲ್ಲಿ ಒಂದು ಮಾತೂ ನನಗೆ ಗೊತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳು ಅಷ್ಟು ಹೊತ್ತು ಮಾತನಾಡಿದ್ದನ್ನೂ ನಾನು ಕೇಳಿರಲಿಲ್ಲ. ರಾತ್ರಿ ಆ ಸೊಪ್ಪಿನದೇ ಬಸ್ಸಾರು, ಮುದ್ದೆ.

ಮರುದಿನ ಮೊಬೈಲ್ ಕೈಗೆ ಬಂತು. ಎಂದಿನಂತೆ ಸೋಫಾದ ಮೇಲೆ ಒರಗಲು ಹೊರಟವನು ನಡುಮನೆಯತ್ತ ನೋಡಿದರೆ, ಅಮ್ಮ ಒಂದು ಕಂತೆ ಬಿಡಿಸಿ ಮುಗಿಸಿದ್ದಳು, ಎರಡನೆಯದನ್ನು ಬಿಚ್ಚದೆ ತನ್ನ ಎದುರಿಗೆ ಇಟ್ಟುಕೊಂಡಿದ್ದಳು. ಬಾ ಎಂದು ಕರೆಯಲಿಲ್ಲ. ಆ ಬಿಚ್ಚದ ಕಂತೆಯನ್ನು ನೋಡಿ ನಾನು ಹೋಗಿ ಕುಳಿತೆ. ಅಂದಿನಿಂದ ಸಂಜೆ ಏಳೂವರೆಯಿಂದ ಸುಮಾರು ಮುಕ್ಕಾಲು ಗಂಟೆ ಅದು ನಮ್ಮಿಬ್ಬರ ಹೊತ್ತು.

ಉಳಿದ ಅಭ್ಯಾಸಗಳು ಅದರ ಬೆನ್ನಿಗೆ ತಾವಾಗಿಯೇ ಬಂದವು. ಸೊಪ್ಪು ತರುವ ಕೆಲಸವನ್ನೂ ನಾನೇ ವಹಿಸಿಕೊಂಡೆ. ಹಸಿರು ಮಾರ್ಗದ ಮೆಟ್ರೊ 2017ರ ಜೂನ್‌ನಲ್ಲಿ ಯಲಚೇನಹಳ್ಳಿಯವರೆಗೆ ತೆರೆದಾಗಿನಿಂದ ನಾನು ಚಿಕ್ಕಪೇಟೆಯಲ್ಲಿ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿಯುತ್ತೇನೆ. ಮೊದಲು ಅಲ್ಲಿಂದ ಆಟೊ ಹಿಡಿಯುತ್ತಿದ್ದೆ. ಸೊಪ್ಪಿಗಾಗಿ ಗಾಂಧಿಬಜಾರ್ ಮೂಲಕ ನಡೆದು ಬರಲು ಆರಂಭಿಸಿದೆ. ನಡಿಗೆಯ ಹೊತ್ತು ಸುಮಾರು 25 ನಿಮಿಷ. ವಾರಕ್ಕೆ ಆರು ದಿನವೆಂದರೆ 150 ನಿಮಿಷ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಬಿರುಸಿನ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇಷ್ಟನ್ನೇ. ಜಿಮ್ಮಿಗೆ ಎರಡು ಸಲ ಹಣ ಕಟ್ಟಿ ಸಾಧಿಸಲಾಗದ್ದನ್ನು ಎರಡು ಕಂತೆ ಮೆಂತ್ಯ ಮಾಡಿಸಿತು.

ಸೊಪ್ಪು ಮಾರುವ ತಾಯಿಗೆ ನನ್ನ ಹೆಸರು ಗೊತ್ತಿಲ್ಲ, ನನಗೆ ಅವರದು ಗೊತ್ತಿಲ್ಲ. "ಅಣ್ಣ, ಸಬ್ಬಸಿಗೆ ಇವತ್ತು ಎಳೆಯದು ಬಂದಿದೆ, ನಿಮಗೆಂದೇ ತೆಗೆದಿಟ್ಟಿದ್ದೇನೆ" ಎನ್ನುತ್ತಾರೆ. ಎರಡು ದಿನ ಹೋಗದಿದ್ದರೆ ಮೂರನೆಯ ದಿನ "ಊರಿನಲ್ಲಿ ಇರಲಿಲ್ಲವೇ?" ಎಂದು ಕೇಳುತ್ತಾರೆ. ಕೋಟ್ಯಂತರ ಜನರಿರುವ ಊರಿನಲ್ಲಿ ನಾನು ಎರಡು ದಿನ ಕಾಣಿಸಲಿಲ್ಲವೆಂಬುದು ಒಬ್ಬರ ಗಮನಕ್ಕೆ ಬಂದಿದೆ ಎಂದರೆ ಅದು ಎಷ್ಟು ದೊಡ್ಡ ಧೈರ್ಯ ಎಂಬುದನ್ನು ಒಬ್ಬರೇ ಇರುವ ನಿಮಗೆ ನಾನು ವಿವರಿಸಬೇಕಾಗಿಲ್ಲ.

ಈಗ ನಿಮ್ಮ ಎರಡು ವಾರದ ವಿಷಯಕ್ಕೆ ಬರುತ್ತೇನೆ. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇರೆಯದೇ ಲೆಕ್ಕ ಕೊಟ್ಟಿದ್ದಾರೆ. ಒಂದು ಕೆಲಸ ಯೋಚಿಸದೆಯೇ ಆಗುವಷ್ಟು ರೂಢಿಯಾಗಲು ಕೆಲವರಿಗೆ 18 ದಿನ ಸಾಕಾಗಿತ್ತು; ಕೆಲವರಿಗೆ 254 ದಿನ ಬೇಕಾಗಬಹುದೆಂಬ ಅಂದಾಜು ಬಂದಿತ್ತು. ನಡುವಿನ ಅಂಕಿ 66 ದಿನ. ಊಟದ ಜೊತೆ ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ರೂಢಿಯಾಯಿತು, ವ್ಯಾಯಾಮ ತಡವಾಯಿತು. ನನಗೆ ಬಹಳ ಸಮಾಧಾನ ಕೊಟ್ಟ ಇನ್ನೊಂದು ಅಂಶವೂ ಅದರಲ್ಲಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ಹದಿನಾಲ್ಕನೆಯ ದಿನ ಐದು ಅಭ್ಯಾಸಗಳನ್ನು ಒಟ್ಟಿಗೆ ಕೈಬಿಟ್ಟ ನೀವು ಸೋತಿಲ್ಲ, ಮೊಳಕೆ ಬರುವ ಮೊದಲೇ ಮಡಿಯನ್ನು ಅಗೆದು ನೋಡಿದ್ದೀರಿ.

ಲೆಕ್ಕ ಬರೆಯುವವರಿಗೆ ಮಾರ್ಚ್ ತಿಂಗಳು ಎಂಥದ್ದೆಂದು ಆ ಕೆಲಸದವರಿಗೇ ಗೊತ್ತು. ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ಮನೆ ಸೇರುವುದು ರಾತ್ರಿ ಹತ್ತಾಗುತ್ತದೆ. ಮೊದಲ ವರ್ಷ ಹೀಗೆ ಹನ್ನೆರಡು ದಿನ ತಪ್ಪಿದಾಗ, ಇದೂ ಹೋಯಿತು ಎಂದುಕೊಂಡೆ. ಏಪ್ರಿಲ್ ಮೊದಲ ವಾರ ಬೇಗ ಬಂದ ದಿನ ನೋಡಿದರೆ ಕಂತೆ ಅದೇ ಜಾಗದಲ್ಲಿತ್ತು. ಒಬ್ಬನೇ ಮಾಡುತ್ತಿದ್ದ ಕೆಲಸವಾಗಿದ್ದರೆ ನಾನು ಮರಳುತ್ತಿರಲಿಲ್ಲ ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಮಗಳು ಆ ದಿನದ ಸೊಪ್ಪಿನ ಮೊದಲ ಅಕ್ಷರ ಬರೆಯುತ್ತಾಳೆ: ದಂ, ಮೆಂ, ಸ, ಪಾ. ಖಾಲಿ ಚೌಕಗಳೂ ಇವೆ. ಅವುಗಳನ್ನು ಯಾರೂ ಎಣಿಸುವುದಿಲ್ಲ.

ಭಾನುವಾರ ಲಾಲ್‌ಬಾಗ್. ಪಶ್ಚಿಮ ದ್ವಾರದ ಬಳಿ ಶಾಲೆಯ ಗೆಳೆಯನೊಬ್ಬ ಆರೂವರೆಗೆ ಬಂದು ನಿಂತಿರುತ್ತಾನೆ, ಆದ್ದರಿಂದ ನಾನೂ ಹೋಗುತ್ತೇನೆ. ಹೆಚ್ಚು ಮಾತಿಲ್ಲ. ಸುಮಾರು 300 ಕೋಟಿ ವರ್ಷ ಹಳೆಯದೆನ್ನುವ ಆ ಬಂಡೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಬರುತ್ತೇವೆ. ಅವನಿಂದ ಮರಗಳ ಹೆಸರು ಕಲಿತೆ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರು, ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ನಗರದ ರಸ್ತೆಗಳಿಗೆ ಮರಗಳನ್ನು ಆರಿಸಿದರೆಂದು ಅವನೇ ಹೇಳಿದ್ದು. ಯುಗಾದಿಯ ಸುಮಾರಿಗೆ ಹೊಂಗೆ ಚಿಗುರುವುದು, ವರ್ಷದ ಕೊನೆಯ ತಿಂಗಳುಗಳಲ್ಲಿ ಆಕಾಶಮಲ್ಲಿಗೆ ಉದುರಿ ಪಾದಚಾರಿ ಮಾರ್ಗ ಬೆಳ್ಳಗಾಗುವುದು ಈಗ ನನಗೆ ಕಾಣುತ್ತದೆ. ಮೊದಲೂ ಅವು ಅಲ್ಲೇ ಇದ್ದವು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಆರಂಭಿಸಿ ಈಗಲೂ ನಡೆಸುತ್ತಿರುವ ಅಧ್ಯಯನವೊಂದಿದೆ. ನೂರಾರು ಜನರ ಇಡೀ ಬದುಕನ್ನು ಹಿಂಬಾಲಿಸಿದ ಆ ಅಧ್ಯಯನದವರು ಮುಖ್ಯವಾಗಿ ಹೇಳುವುದು, ಆತ್ಮೀಯ ಸಂಬಂಧಗಳು ಸಂತೋಷವನ್ನೂ ಆರೋಗ್ಯವನ್ನೂ ಕಾಯುತ್ತವೆ ಎಂದು. ಅದನ್ನು ಓದಿದಾಗ ನನಗೆ ನೆನಪಾದದ್ದು ಆ ದ್ವಾರದ ಬಳಿ ಕೈಕಟ್ಟಿ ನಿಂತಿರುವ ಗೆಳೆಯ.

ನಿದ್ರೆಯ ಬಗ್ಗೆ ಒಂದೇ ಮಾತು. ಮೊಬೈಲ್ ಚಾರ್ಜರನ್ನು ಮಲಗುವ ಕೋಣೆಯಿಂದ ಹೊರಗೆ ಹಾಕಿ, ಎಬ್ಬಿಸಲು ಒಂದು ಗಡಿಯಾರ ಕೊಳ್ಳಿ. ಉಳಿದದ್ದು ನಿಮಗೇ ಗೊತ್ತಿದೆ.

ಇನ್ನೊಂದು ವಿಷಯವನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಅಪ್ಪ ತೀರಿಕೊಂಡ ವರ್ಷ ನನಗೆ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತಿತ್ತು, ಊಟ ರುಚಿಸುತ್ತಿರಲಿಲ್ಲ, ಮಗಳ ನಗುವೂ ದೂರದಲ್ಲೆಲ್ಲೋ ಕೇಳಿದಂತಾಗುತ್ತಿತ್ತು. ಶಿಸ್ತು ಸಾಲದು ಎಂದುಕೊಂಡು ಇನ್ನಷ್ಟು ಕಟ್ಟುನಿಟ್ಟಿನ ದಿನಚರಿ ಹಾಕಿಕೊಂಡೆ, ಇನ್ನಷ್ಟು ಕುಸಿದೆ. ಅದು ಖಿನ್ನತೆ, ಅದಕ್ಕೆ ಬೇಕಿದ್ದದ್ದು ಚಿಕಿತ್ಸೆ. ಹೆಂಡತಿಯೇ ಒತ್ತಾಯಿಸಿ ವೈದ್ಯರ ಬಳಿಗೆ ಕರೆದೊಯ್ದಳು, ಕೆಲವು ತಿಂಗಳು ಔಷಧಿ ತೆಗೆದುಕೊಂಡೆ, ಚೇತರಿಸಿಕೊಂಡೆ. ಸೊಪ್ಪು ಬಿಡಿಸಲು ಕುಳಿತದ್ದು ಆಮೇಲೆ. ಆಗ ಆಗಿದ್ದರೆ ಕುಳಿತುಕೊಳ್ಳಲೂ ಮನಸ್ಸಾಗುತ್ತಿರಲಿಲ್ಲ. ನಿಮಗೂ ಎರಡು ವಾರಕ್ಕಿಂತ ಹೆಚ್ಚು ಕಾಲ ಹೀಗೆ ಅನ್ನಿಸುತ್ತಿದ್ದರೆ ದಯವಿಟ್ಟು ಅಭ್ಯಾಸಗಳ ಚಿಂತೆಯನ್ನು ಬದಿಗಿಟ್ಟು ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಆ ಸೇವೆಯ ಕೇಂದ್ರಸ್ಥಾನ ನಮ್ಮ ಊರಿನ ನಿಮ್ಹಾನ್ಸ್.

ಹಾಗೇನೂ ಇಲ್ಲ, ಬರೀ ಕೈಬಿಟ್ಟುಹೋಗುವ ಅಭ್ಯಾಸಗಳದೇ ತೊಂದರೆ ಎಂದಾದರೆ, ಐದರಲ್ಲಿ ನಾಲ್ಕನ್ನು ಸದ್ಯಕ್ಕೆ ಬಿಡಿ. ಉಳಿದ ಒಂದನ್ನು ಇನ್ನೊಬ್ಬರ ಜೊತೆ ಹೆಣೆಯಿರಿ. ಮಾರತ್ತಹಳ್ಳಿಯಲ್ಲಿ ನಿಮಗಾಗಿ ಕಂತೆ ಬಿಚ್ಚದೆ ಕಾಯುವವರು ಯಾರೂ ಇಲ್ಲ ಎನ್ನುತ್ತೀರಿ, ಹಾಸನದಲ್ಲಿ ಇದ್ದಾರೆ. ಅಮ್ಮನಿಗೆ ಫೋನ್ ಮಾಡಿ "ಹೇಗಿದ್ದೀರಿ, ಊಟ ಆಯಿತೇ" ಎಂದರೆ ಮಾತು ಎರಡು ನಿಮಿಷಕ್ಕೆ ಮುಗಿಯುತ್ತದೆ. ಹುರುಳಿಕಾಯಿ ಹೆಚ್ಚುತ್ತಾ, ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು, "ಪಲ್ಯಕ್ಕೆ ಕಾಯಿತುರಿ ಯಾವಾಗ ಹಾಕಲಿ" ಎಂದು ಕೇಳಿ ನೋಡಿ. ಮನೆಯ ಊಟವೂ ಆಗುತ್ತದೆ, ಅವರ ಸಂಜೆಯೂ ತುಂಬುತ್ತದೆ. ವೇಳೆ ಮಾತ್ರ ಒಂದೇ ಇರಲಿ. ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟಿರುವಂತೆ, "ವ್ಯಾಯಾಮ ಮಾಡುತ್ತೇನೆ" ಎಂಬ ಸಂಕಲ್ಪಕ್ಕಿಂತ "ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ" ಎಂಬ ನಿರ್ಧಾರ ಕೈಗೂಡುವ ಸಂಭವ ಹೆಚ್ಚು. ನನಗೆ ಮೆಟ್ರೊ ಇಳಿಯುವುದು ಆ ಗುರುತು. ನಿಮಗೆ ಬಸ್ಸಿನಿಂದ ಇಳಿಯುವುದಾಗಬಹುದು, ಲ್ಯಾಪ್‌ಟಾಪ್ ಮುಚ್ಚುವುದಾಗಬಹುದು.

ಬೆಳಿಗ್ಗೆ ಐದಕ್ಕೆ ಏಳಲೇಬೇಕೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ರಾತ್ರಿ ಹತ್ತಕ್ಕೆ ಮಲಗಲು ನಿಮ್ಮ ಕೆಲಸ ಬಿಡುವುದಾದರೆ ಏಳಿ, ಇಲ್ಲದಿದ್ದರೆ ಏಳು ಗಂಟೆಯ ನಿದ್ರೆ ಮುಗಿಸಿಕೊಂಡೇ ಏಳಿ. ನಾನು ಏಳುವುದು ಆರಕ್ಕೆ. ನಾಳೆ ಮಾತ್ರ ಇನ್ನೂ ಸ್ವಲ್ಪ ಬೇಗ ಏಳಬೇಕು: ಗಾಂಧಿಬಜಾರಿಗೆ ಸೊನೆ ಅವರೆ ಬಂದಿದೆ, ಹಿತಕಿದ ಬೇಳೆ ಮಾಡೋಣ ಎಂದಿದ್ದಾಳೆ ಅಮ್ಮ. ಎರಡು ಕಿಲೊ ಕಾಯಿ ಸುಲಿದು ರಾತ್ರಿಯೇ ನೆನೆಹಾಕಿದ್ದೇವೆ, ಬೆಳಿಗ್ಗೆ ಹಿತಕಲು ಮಗಳೂ ಜೊತೆಗೆ ಕೂರುತ್ತಾಳಂತೆ.