ಎಂಟು ವರ್ಷದ ಸುಲ್ತಾನ, ಪರದೆ ಹಿಂದಿನ ತಾಯಿ

ಪ್ರಶ್ನೆ: ಬೀದರ್ ಕೋಟೆಗೆ ಹೋಗಿದ್ದಾಗ, ಎಂಟು ವರ್ಷದ ಹುಡುಗನೊಬ್ಬ ಇಲ್ಲಿ ಸುಲ್ತಾನನಾಗಿದ್ದ ಅಂತ ಗೈಡ್ ಹೇಳಿದರು. ಬಹಮನಿ ರಾಜ್ಯ ಒಡೆದು ಹೋಗಲು ಮಕ್ಕಳನ್ನು ಪಟ್ಟಕ್ಕೆ ಕೂರಿಸಿದ್ದೇ ಕಾರಣವೇ?

ಉತ್ತರ: ಗೈಡ್ ಹೇಳಿದ್ದು ನಿಜ. 1461ರಲ್ಲಿ ಹುಮಾಯೂನ್ ಷಾ ತೀರಿಕೊಂಡಾಗ ಮಗ ನಿಜಾಮ್ ಷಾನಿಗೆ ಎಂಟೇ ವರ್ಷ. ಆದರೆ ರಾಜ್ಯ ಒಡೆದದ್ದು ಇವನ ಕಾಲದಲ್ಲಲ್ಲ.

ಆಡಳಿತ ನಡೆಸಿದ್ದು ತಾಯಿ ಮಖ್ದೂಮಾ ಜಹಾನ್ ಮತ್ತು ಇಬ್ಬರು ಮಂತ್ರಿಗಳು: ಖ್ವಾಜಾ ಜಹಾನ್, ಮಹಮೂದ್ ಗವಾನ್. ತಾಯಿ ಪರದೆ ಹಿಂದೆ ಇರುತ್ತಿದ್ದಳು. ಅವಳ ಮಾತನ್ನು ಒಬ್ಬ ಹೆಂಗಸು ಮಂತ್ರಿಗಳಿಗೆ ತಲುಪಿಸುತ್ತಿದ್ದಳು. ಆಮೇಲೆ ಹುಡುಗನನ್ನು ಕರೆತಂದು ಸಿಂಹಾಸನದಲ್ಲಿ ಕೂರಿಸಿ, ಇಬ್ಬರೂ ಎಡಬಲಕ್ಕೆ ನಿಲ್ಲುತ್ತಿದ್ದರು.

ಸುಲ್ತಾನ ಇನ್ನೂ ಮಗು ಅಂದರೆ ನೆರೆಯವರು ಸುಮ್ನಿರ್ತಾರಾ? ಒಡಿಶಾದ ಕಪಿಲೇಂದ್ರ ಬೀದರಿನ ಹತ್ತಿರದವರೆಗೂ ಬಂದ. ಅವನನ್ನು ಹಿಮ್ಮೆಟ್ಟಿಸಿದ್ದಾಯಿತು. 1462ರಲ್ಲಿ ಮಾಳ್ವದ ಮಹಮೂದ್ ಖಿಲ್ಜಿ ಬೀದರ್ ಪಟ್ಟಣವನ್ನೇ ಹಿಡಿದ. ತಾಯಿ ಮಗನನ್ನು ಕರೆದುಕೊಂಡು ಭೀಮಾ ತೀರದ ಫಿರೋಜಾಬಾದಿಗೆ ಹೋದಳು. ಗುಜರಾತಿನ ಸುಲ್ತಾನ ಮಹಮೂದ್ ಬೇಗಡ ದಂಡು ತಂದ ಮೇಲೆ ಖಿಲ್ಜಿ ಹಿಂದಕ್ಕೆ ಸರಿದ. ಈ ಬೇಗಡ ಕೂಡ ಪಟ್ಟವೇರಿದ್ದು ಹದಿಮೂರನೇ ವಯಸ್ಸಿನಲ್ಲೇ!

ಮಗುವನ್ನೇ ಯಾಕೆ ಕೂರಿಸುತ್ತಿದ್ದರು? ಹಿರಿಮಗನಿಗೇ ಪಟ್ಟ ಎಂಬ ಗಟ್ಟಿ ನಿಯಮ ಈ ರಾಜ್ಯಗಳಲ್ಲಿ ಇರಲಿಲ್ಲ. ಅಮೀರರಲ್ಲಿ, ಅಂದರೆ ದೊಡ್ಡ ಸರದಾರರಲ್ಲಿ, ಒಬ್ಬನನ್ನು ಕಂಡರೆ ಇನ್ನೊಬ್ಬನಿಗೆ ಆಗುತ್ತಿರಲಿಲ್ಲ. ಮಗು ಆದರೆ ಎಲ್ಲರಿಗೂ ಒಪ್ಪಿಗೆ. ಈಜಿಪ್ಟ್ ಆಳುತ್ತಿದ್ದ ಕೈರೋದ ಮಮ್ಲೂಕ್ ಸುಲ್ತಾನರಲ್ಲೂ ಇದೇ ಕಥೆ. ಅಲ್ಲಿ ಅಲ್ ನಾಸಿರ್ ಮುಹಮ್ಮದ್ 1341ರಲ್ಲಿ ತೀರಿಕೊಂಡ ಮೇಲೆ ಇಪ್ಪತ್ತು ವರ್ಷದಲ್ಲಿ ಅವನ ಎಂಟು ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ಸುಲ್ತಾನರಾದರು. ಅವರಲ್ಲಿ ಕೆಲವರು ಇನ್ನೂ ಮಕ್ಕಳು. ಹಿಡಿತ ಮಾತ್ರ ಅಮೀರರದು.

ಬೀದರಿನಲ್ಲಿ 1463ರಲ್ಲಿ ಹುಡುಗ ತೀರಿಕೊಂಡ. ಪಟ್ಟ ಅವನ ತಮ್ಮನಿಗೆ ಬಂತು, ಅವನೂ ಚಿಕ್ಕವನೇ. ಖ್ವಾಜಾ ಜಹಾನನ ಕೈ ಜಾಸ್ತಿ ಮೇಲಾಯಿತು. 1466ರಲ್ಲಿ ತುಂಬಿದ ದರ್ಬಾರಿನಲ್ಲೇ ಅವನ ಕೊಲೆಯಾಯಿತು. ಮುಂದೆ ಗವಾನ್ ಮಾಡಿದ ಕೆಲಸವನ್ನು ನಾನು ತುಂಬಾ ದೊಡ್ಡದು ಅಂದುಕೊಂಡಿದ್ದೇನೆ. ನಾಲ್ಕು ತರಫ್‌ಗಳನ್ನು, ಅಂದರೆ ಪ್ರಾಂತ್ಯಗಳನ್ನು, ಎಂಟು ಮಾಡಿದ. ಪ್ರಾಂತ್ಯದ ಅಧಿಕಾರಿ ಕೈಯಲ್ಲಿ ಒಂದೇ ಕೋಟೆ. ಉಳಿದವು ನೇರವಾಗಿ ಸುಲ್ತಾನನಿಗೆ. ಕೋಟೆ ಕಳೆದುಕೊಂಡವರು ಸಿಟ್ಟಾದರು. 1481ರಲ್ಲಿ ಸುಳ್ಳು ಪತ್ರವೊಂದನ್ನು ತೋರಿಸಿ, ಸುಲ್ತಾನನಿಂದಲೇ ಗವಾನನನ್ನು ಕೊಲ್ಲಿಸಿದರು.

ಮರುವರ್ಷ ಆ ಸುಲ್ತಾನನೂ ತೀರಿಕೊಂಡ, ಅವನ ಮಗ, ಹನ್ನೆರಡು ವರ್ಷದ ಮಹಮೂದ್ ಷಾ ಪಟ್ಟಕ್ಕೆ ಬಂದ. ಈಗ ಎಡಬಲಕ್ಕೆ ನಂಬುವಂಥವರು ಯಾರೂ ಇರಲಿಲ್ಲ. ಒಬ್ಬೊಬ್ಬ ಸರದಾರನಿಗೂ ಅವನದೇ ಕೋಟೆ, ಅವನದೇ ದಂಡು. 1490ರ ಸುಮಾರಿಗೆ ಬಿಜಾಪುರ, ಅಹಮದ್‌ನಗರ, ಬೇರಾರ್ ಕೈತಪ್ಪಿದವು. ಬೀದರಿನಲ್ಲೇ ಮಂತ್ರಿ ಖಾಸಿಮ್ ಬರೀದನ ಮಾತು ನಡೆಯತೊಡಗಿತು.

ಮಹಮೂದ್ 1518ರವರೆಗೆ, ಅಂದರೆ 36 ವರ್ಷ, ಸುಲ್ತಾನನಾಗಿದ್ದ. ಬೆಳೆದು ದೊಡ್ಡವನಾದ. ರಾಜ್ಯ ಮಾತ್ರ ಅವನ ಕೈಗೆ ಮರಳಲಿಲ್ಲ.